ಪಶುಗಳ ಭಗ್ನಸಂಧಾನದಲ್ಲಿ ‘ಬಲ’ ಶಬ್ದದ ವಿಚಾರ

೧

ಶಬ್ದವು ಒಂದೇ ಆಗಿದ್ದರೂ ಪ್ರಕರಣಭೇದದಿಂದ ಅರ್ಥವು ಭೇದಿಸುತ್ತದೆಂಬುದು ಶಾಬ್ದಿಕರಿಗೆ ಹೊಸ ಮಾತಲ್ಲ. ಊಟಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದರೆ ಉಪ್ಪು ಬರಬೇಕು. ಪ್ರಯಾಣಕ್ಕೆ ಹೊರಟವನು ಅದೇ ಮಾತನ್ನಾಡಿದರೆ ಕುದುರೆ ಬರಬೇಕು. ಪಾಠಶಾಲೆಗಳಲ್ಲಿ ಈ ಉದಾಹರಣೆಯನ್ನು ಕೇಳಿ ನಗದ ವಿದ್ಯಾರ್ಥಿಯಿಲ್ಲ. ಆದರೆ ಆ ಕುದುರೆಯ ಕಾಲೇ ಮುರಿದು, ಅದನ್ನು ಲೋಹದಿಂದ ಕೂಡಿಸಬೇಕಾಗಿ ಬಂದು, ‘ಈ ಪಟ್ಟಿಯು ಆ ಪಟ್ಟಿಗಿಂತ ಬಲವುಳ್ಳದ್ದು’ ಎಂಬ ಒಂದು ವಾಕ್ಯವನ್ನು ನಂಬಿ ವೈದ್ಯನು ಕೈಯಿಕ್ಕಬೇಕಾದಾಗ, ಪ್ರಕರಣವನ್ನು ಮರೆತು ಓದುವುದರಿಂದ ಉಂಟಾಗುವ ಹಾನಿಯು ನಗತಕ್ಕ ವಿಷಯವಲ್ಲ.

ಇಂತಹ ವಾಕ್ಯಗಳನ್ನು ಹೇಳುವ ಪರೀಕ್ಷಾಲೇಖಗಳು ಇಂದು ಒಂದು ಪ್ರತ್ಯೇಕ ವಾಙ್ಮಯವಾಗಿಯೇ ಬೆಳೆದಿವೆ. ನಾಯಿ, ಬೆಕ್ಕು, ಹಸು, ಕುದುರೆ ಮೊದಲಾದವುಗಳ ಮುರಿದ ಮೂಳೆಯನ್ನು ಕೂಡಿಸಲು ಬಳಸುವ ಲೋಹಫಲಕ, ತಿರುಪುಮೊಳೆ, ಮೂಳೆಯ ಟೊಳ್ಳಿನೊಳಗೆ ಇಳಿಸುವ ಸಲಾಕೆ, ಚರ್ಮದ ಹೊರಗೆ ನಿಲ್ಲಿಸುವ ಚೌಕಟ್ಟು—ಇವುಗಳನ್ನು ಯಂತ್ರದಲ್ಲಿಟ್ಟು ಒತ್ತಿ, ಬಗ್ಗಿಸಿ, ತಿರುಚಿ, ಎಳೆದು, ಎಷ್ಟು ಭಾರಕ್ಕೆ ಮಣಿಯುತ್ತವೆ, ಎಷ್ಟಕ್ಕೆ ಮುರಿಯುತ್ತವೆ ಎಂಬುದನ್ನು ಅಳೆದು ಬರೆಯುವುದೇ ಈ ಲೇಖಗಳ ಕಾರ್ಯ. ಇವುಗಳ ಗಣಿತವನ್ನು ತಿದ್ದುವುದು ಯಂತ್ರಶಾಸ್ತ್ರಜ್ಞರ ಅಧಿಕಾರ. ಆದರೆ ಗಣಿತವು ಮುಗಿದಮೇಲೆ ಬರುವ ವಾಕ್ಯದ ತಾತ್ಪರ್ಯನಿರ್ಣಯವು ಶಬ್ದಾರ್ಥವಿಚಾರಕ್ಕೆ ಸೇರಿದ್ದು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ತರುವಾಯ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ಕನ್ನಡದಲ್ಲಿಯೇ ರಚಿಸಿದರಷ್ಟೆ. ಪಶುವೈದ್ಯವನ್ನು ಹೇಳಿದ ಇಷ್ಟು ಹಳೆಯ ಪರಂಪರೆಯುಳ್ಳ ಭಾಷೆಯು ಇಂದಿನ ಈ ಪರೀಕ್ಷೆಗಳ ಫಲವನ್ನು ಹೇಳಹೊರಟಾಗ ಮೂರು ಬೇರೆ ಬೇರೆ ಗುಣಗಳಿಗೆ ‘ಬಲ’ವೆಂಬ ಒಂದೇ ಮಾತನ್ನು ಹಚ್ಚಿ ಮುಗಿಸುವುದಾದರೆ, ಅದು ಭಾಷೆಯ ದಾರಿದ್ರ್ಯವಲ್ಲ, ಬಳಸುವವರ ಅಲಕ್ಷ್ಯ. ಆ ಅಲಕ್ಷ್ಯದ ಬೆಲೆಯನ್ನು ತೆರುವುದು ಮಾತನಾಡಲಾರದ ಪ್ರಾಣಿ.

೨

ಮೊದಲು ಪೂರ್ವಶಾಸ್ತ್ರದ ಸ್ಥಿತಿಯನ್ನು ನೋಡತಕ್ಕದ್ದು. ಸುಶ್ರುತಸಂಹಿತೆಯ ನಿದಾನಸ್ಥಾನದ ೧೫ನೆಯ ಅಧ್ಯಾಯವು ಭಗ್ನಗಳ ಲಕ್ಷಣವನ್ನೂ, ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯವು ಅವುಗಳ ಚಿಕಿತ್ಸೆಯನ್ನೂ ಹೇಳುತ್ತವೆ. ಸಂಧಿ ಜಾರುವುದರಲ್ಲಿ ೬ ಭೇದ, ಮೂಳೆ ಮುರಿಯುವುದರಲ್ಲಿ ೧೨ ಭೇದ. ಮುರಿದ ಮೂಳೆ ಏಡಿಯಂತೆ ತೋರಿದರೆ ಕರ್ಕಟಕ, ಕುದುರೆಯ ಕಿವಿಯಂತೆ ಎದ್ದು ನಿಂತರೆ ಅಶ್ವಕರ್ಣ, ಪುಡಿಯಾದರೆ ಚೂರ್ಣಿತ. ಹೆಸರುಗಳು ಕಾವ್ಯದ ಉಪಮಾನಗಳಂತಿದ್ದರೂ ವಿಭಾಗವು ಚಿಕಿತ್ಸೆಗಾಗಿಯೇ ಮಾಡಿದ್ದು.

ಚಿಕಿತ್ಸೆಯಲ್ಲಿ ಎಳೆಯುವುದು, ಒತ್ತುವುದು, ಸೇರಿಸುವುದು, ಕಟ್ಟುವುದು ಎಂಬ ನಾಲ್ಕು ಕ್ರಮಗಳು. ಕಟ್ಟುವಾಗ ಆಸರೆಗಾಗಿ ಇಡುವ ‘ಕುಶ’ಗಳಿಗೆ ಇಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಆಲ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ವಿಧಿಸಿದೆ. ಕನ್ನಡನಾಡಿನ ಹಳ್ಳಿಗಳಲ್ಲಿ ಕೈಕಾಲು ಮುರಿದಾಗ ಬಿದಿರ ದಬ್ಬೆ ಕಟ್ಟುವುದು ಇದರ ಸಜಾತೀಯವೇ ಆಗಿದೆ. ಕಟ್ಟನ್ನು ಸೌಮ್ಯವಾದ ಋತುವಿನಲ್ಲಿ ೭ ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ ೫ ದಿನಕ್ಕೊಮ್ಮೆ, ಬೇಸಗೆಯಲ್ಲಿ ೩ ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಎಳೆಯ ಪ್ರಾಯದಲ್ಲಿ ಒಂದು ತಿಂಗಳಿಗೆ ಸ್ಥೈರ್ಯ ಬರುತ್ತದೆ. ಮಧ್ಯವಯಸ್ಸಿಗೆ ಅದರ ಇಮ್ಮಡಿ, ವಾರ್ಧಕ್ಯಕ್ಕೆ ಮುಮ್ಮಡಿ.

ಪ್ರಕೃತಕ್ಕೆ ಮುಖ್ಯವಾದ ಮಾತು ಇನ್ನೊಂದಿದೆ. ಕಟ್ಟು ಅತಿಶಿಥಿಲವಾದರೆ ಸ್ಥೈರ್ಯವು ಹುಟ್ಟುವುದಿಲ್ಲ. ಅತಿಗಾಢವಾದರೆ ಚರ್ಮಾದಿಗಳಲ್ಲಿ ಬಾವು, ನೋವು, ಕೀವು ಉಂಟಾಗುತ್ತವೆ. ಆದಕಾರಣ ಬಲ್ಲವರು ಸಾಧಾರಣಬಂಧವನ್ನೇ ಮೆಚ್ಚುತ್ತಾರೆ—ಎಂಬುದು ಆ ಅಧ್ಯಾಯದ ನಿರ್ಣಯ. ಗಟ್ಟಿಯಾದದ್ದೇ ಒಳ್ಳೆಯದೆಂದು ಶಾಸ್ತ್ರಕಾರನು ಹೇಳಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಇಂದಿನ ವಿದ್ವಾಂಸರೂ ಇದೇ ಆಕಾರದ ಮಾತನ್ನಾಡುತ್ತಾರೆ. ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಎಂಬವರು ೧೯೭೦ರ ದಶಕದಲ್ಲಿ ಪ್ರತಿಪಾದಿಸಿದ ಸಿದ್ಧಾಂತದಂತೆ, ಮುರಿದ ಎರಡು ತುದಿಗಳ ನಡುವೆ ಹುಟ್ಟುವ ಹೊಸ ಧಾತುವು ಎಷ್ಟು ಹಿಗ್ಗನ್ನು ತಾಳಬಲ್ಲದೋ ಅದಕ್ಕೆ ಮೀರಿದ ಚಲನೆಯಿದ್ದರೆ ಆ ಧಾತು ಉಳಿಯುವುದಿಲ್ಲ. ಮೊದಲು ಬರುವ ಎಳೆಯ ಮಾಂಸಧಾತುವು ತನ್ನ ಉದ್ದದಷ್ಟೇ ಹಿಗ್ಗನ್ನು, ಎಂದರೆ ಶೇಕಡ ೧೦೦ನ್ನು, ತಾಳೀತು. ಮೃದ್ವಸ್ಥಿಯು ಶೇಕಡ ೧೦ರ ಆಸುಪಾಸು. ಬಲಿತ ಮೂಳೆಯು ಶೇಕಡ ೨ರಷ್ಟು ಮಾತ್ರ. ಆದುದರಿಂದ ಚಲನೆ ಮಿತಿಮೀರಿದರೆ ಮೂಳೆ ಹುಟ್ಟದು. ಹಾಗೆಂದು ಚಲನೆಯನ್ನು ಪೂರ್ತಿಯಾಗಿ ಅಡಗಿಸಿದರೆ, ಮುರಿದ ತುದಿಗಳನ್ನು ಸುತ್ತಿ ಬೆಳೆಯುವ ಸಂಧಾನಧಾತುವಿಗೆ ಪ್ರೇರಣೆಯೇ ಇರುವುದಿಲ್ಲ.

ಇಷ್ಟನ್ನು ಕಂಡು ‘ಇವೆಲ್ಲವೂ ಸುಶ್ರುತನಿಗೆ ಮೊದಲೇ ತಿಳಿದಿತ್ತು’ ಎಂದು ಘೋಷಿಸುವವರುಂಟು. ಅದು ಸಾಧುವಲ್ಲ. ಸುಶ್ರುತನ ಬಂಧವು ಹೊರಗಿನದು. ಗಾಢಬಂಧಕ್ಕೆ ಅವನು ಹೇಳಿದ ದೋಷವು ಚರ್ಮಮಾಂಸಗಳದು. ಇಂದಿನ ಫಲಕವು ಒಳಗಿನದು. ಅದರ ಅತಿಬಿಗುವಿನ ದೋಷವು ಮೂಳೆಯದೇ. ಎರಡು ಕಡೆಯೂ ಮಿತಿಯೇ ಗುಣವೆಂಬ ನಿರ್ಣಯ ಒಂದಾದರೂ ಹೇತುಗಳು ಬೇರೆ. ಸಾಮ್ಯವನ್ನು ಐಕ್ಯವೆಂದು ಹೇಳಿದರೆ ಪೂರ್ವಾಚಾರ್ಯನ ಗೌರವವೇನೂ ಹೆಚ್ಚುವುದಿಲ್ಲ.

೩

ಮನುಷ್ಯನಿಗೂ ಪಶುವಿಗೂ ಈ ವಿಷಯದಲ್ಲಿ ಒಂದು ದೊಡ್ಡ ಅಂತರವಿದೆ. ತೊಡೆ ಮುರಿದ ರೋಗಿಗೆ ಸುಶ್ರುತನು ‘ಕಪಾಟಶಯನ’ವನ್ನು ವಿಧಿಸಿದನು, ಎಂದರೆ ಹಲಗೆಯ ಮೇಲೆ ಮಲಗಿಸಿ, ಅಲುಗಾಡದಂತೆ ಐದು ಗೂಟಗಳ ನಡುವೆ ಅಂಗವನ್ನು ಬಂಧಿಸಿಡುವುದು. ರೋಗಿಗೆ ಕಾರಣವನ್ನು ತಿಳಿಸಬಹುದು. ಅವನು ಒಪ್ಪಿ ಮಲಗಬಹುದು. ಪಶುವಿಗೆ ಅದನ್ನು ಹೇಳುವುದು ಹೇಗೆ? ನಾಯಿಯು ನೋವು ಸ್ವಲ್ಪ ತಗ್ಗಿದೊಡನೆ ಕಾಲೂರುತ್ತದೆ. ಹಸುವನ್ನೂ ಕುದುರೆಯನ್ನೂ ವಾರಗಟ್ಟಲೆ ಮಲಗಿಸಿಡುವುದು ಅಸಾಧ್ಯವೇ ಸರಿ. ತಮ್ಮ ಭಾರವೇ ಅವುಗಳ ಮಾಂಸಕ್ಕೂ ನರಗಳಿಗೂ ಹಾನಿಯನ್ನು ತರುತ್ತದೆ. ಆದ್ದರಿಂದ ಪಶುವಿನ ಮೂಳೆಗೆ ಹಾಕಿದ ಸಾಧನವು ಮೊದಲನೆಯ ದಿನದಿಂದಲೇ ದೇಹಭಾರವನ್ನು ಹೊರಬೇಕಾಗುತ್ತದೆ. ಪಶುವೈದ್ಯದಲ್ಲಿ ಯಂತ್ರಪರೀಕ್ಷೆಗೆ ಇಷ್ಟು ಪ್ರಾಧಾನ್ಯ ಬಂದಿರುವುದು ಈ ಕಾರಣದಿಂದಲೇ.

ಇತಿಹಾಸವನ್ನು ನೋಡಿದರೂ ಈ ವಿದ್ಯೆಯಲ್ಲಿ ಪಶುವು ಮನುಷ್ಯನ ಹಿಂದೆ ಮಾತ್ರವೇ ನಡೆದುಬಂದದ್ದಲ್ಲ. ಅಮೆರಿಕದ ಪಶುವೈದ್ಯ ಆಟೊ ಸ್ಟೇಡರ್ ಎಂಬವರು ೧೯೩೦ರ ದಶಕದಲ್ಲಿ ನಾಯಿಗಳಿಗಾಗಿ ರಚಿಸಿದ ಹೊರಚೌಕಟ್ಟನ್ನು ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ನೌಕಾಪಡೆಯ ವೈದ್ಯರು ಗಾಯಗೊಂಡ ಸೈನಿಕರಿಗೆ ಬಳಸಿದರು. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದಲ್ಲಿ ಮುಲ್ಲರ್, ಅಲ್‌ಗೋವರ್, ವಿಲೆನೆಗ್ಗರ್ ಮೊದಲಾದ ಶಸ್ತ್ರವೈದ್ಯರು ಸ್ಥಾಪಿಸಿದ ‘ಎ.ಒ.’ ಮಂಡಲಿಯು ಲೋಹಫಲಕಗಳ ರಚನೆಯನ್ನೂ ಪರೀಕ್ಷೆಯನ್ನೂ ಒಂದು ಶಾಸ್ತ್ರವನ್ನಾಗಿ ಮಾಡಿತು. ೧೯೬೯ರಲ್ಲಿ ಅದರ ಪಶುವೈದ್ಯಶಾಖೆ ಹುಟ್ಟಿತು.

೪

ಇನ್ನು ಪರೀಕ್ಷೆಯ ಸ್ವರೂಪ. ಅತ್ಯಂತ ಪ್ರಸಿದ್ಧವಾದದ್ದು ನಾಲ್ಕು ನೆಲೆಗಳ ಬಾಗುಪರೀಕ್ಷೆ. ಫಲಕವನ್ನು ಎರಡು ಉರುಳೆಗಳ ಮೇಲಿಟ್ಟು, ಮೇಲಿನಿಂದ ಮತ್ತೆರಡು ಉರುಳೆಗಳಿಂದ ಒತ್ತುತ್ತಾರೆ. ಮೇಲಿನ ಎರಡರ ನಡುವಣ ಭಾಗದಲ್ಲೆಲ್ಲ ಬಗ್ಗಿಸುವ ಪರಿಣಾಮವು ಸಮಾನವಾಗಿರುವುದು ಈ ಏರ್ಪಾಟಿನ ಗುಣ. ಭಾರವು ಏರಿದಂತೆಲ್ಲ ಬಾಗು ಎಷ್ಟೆಂಬುದನ್ನು ರೇಖೆಯಾಗಿ ಬರೆದುಕೊಳ್ಳುತ್ತಾರೆ. ರೇಖೆಯು ಮೊದಲು ನೆಟ್ಟಗೆ ಏರುತ್ತದೆ. ಆ ಏರಿಕೆಯ ಕಡಿದುತನವು ಫಲಕವು ಬಾಗಲು ಎಷ್ಟು ಒಪ್ಪದೆಂಬುದನ್ನು ತೋರಿಸುತ್ತದೆ. ಅನಂತರ ರೇಖೆಯು ಮಣಿಯುತ್ತದೆ. ಅಲ್ಲಿಂದಾಚೆಗೆ ಭಾರವನ್ನು ತೆಗೆದರೂ ಫಲಕವು ಮೊದಲಿನಂತೆ ನೆಟ್ಟಗಾಗುವುದಿಲ್ಲ. ಲೋಹಫಲಕಗಳಿಗೆ ಎ.ಎಸ್.ಟಿ.ಎಂ. ಸಂಸ್ಥೆಯ ‘ಎಫ್ ೩೮೨’, ತಿರುಪುಮೊಳೆಗಳಿಗೆ ‘ಎಫ್ ೫೪೩’, ಹೊರಚೌಕಟ್ಟುಗಳಿಗೆ ‘ಎಫ್ ೧೫೪೧’ ಎಂಬ ಮಾನಕಗಳಿವೆ. ಇವು ಮನುಷ್ಯರ ಸಾಧನಗಳನ್ನು ಉದ್ದೇಶಿಸಿ ಹುಟ್ಟಿದವು. ಪಶುವೈದ್ಯದ ಲೇಖಕರು ಇವನ್ನೇ ಎರವಲು ಪಡೆಯುತ್ತಾರೆ.

ಈ ಒಂದು ರೇಖೆಯಲ್ಲಿಯೇ ಎರಡು ಗುಣಗಳಿವೆಯೆಂಬುದು ಸ್ಪಷ್ಟವಾಯಿತು. ಬಾಗಲು ಒಪ್ಪದಿರುವುದನ್ನು ‘ದಾರ್ಢ್ಯ’ವೆನ್ನಬಹುದು, ಮಣಿಯುವವರೆಗೆ ಅಥವಾ ಮುರಿಯುವವರೆಗೆ ತಾಳುವುದನ್ನು ‘ಶಕ್ತಿ’ಯೆನ್ನಬಹುದು. ಇವೆರಡೂ ಒಂದೇ ಅಲ್ಲ. ಗಾಜಿನ ಕಡ್ಡಿಯು ಬಾಗುವುದಿಲ್ಲ, ಆದರೆ ಅಲ್ಪಭಾರಕ್ಕೆ ಮುರಿಯುತ್ತದೆ. ಬೆತ್ತವು ಸುಲಭವಾಗಿ ಬಾಗುತ್ತದೆ, ಆದರೆ ಮುರಿಯುವುದಿಲ್ಲ. ಲೋಹಫಲಕದಲ್ಲಿಯೂ ಇವು ಬೇರೆ ಬೇರೆ ಪ್ರಮಾಣದಲ್ಲಿ ಬೆಳೆಯುತ್ತವೆ. ಉಳಿದುದೆಲ್ಲ ಸಮಾನವಾಗಿದ್ದು ಫಲಕದ ದಪ್ಪವನ್ನು ಮಾತ್ರ ಇಮ್ಮಡಿಸಿದರೆ ಶಕ್ತಿಯು ನಾಲ್ಮಡಿಯಾಗುತ್ತದೆ, ದಾರ್ಢ್ಯವು ಎಂಟುಮಡಿಯಾಗುತ್ತದೆ. ೩ ಮಿಲಿಮೀಟರಿನ ಫಲಕಕ್ಕೆ ಬದಲಾಗಿ ೪ ಮಿಲಿಮೀಟರಿನದನ್ನು ಇಟ್ಟರೆ ಶಕ್ತಿಯು ಸುಮಾರು ೧.೮ ಪಟ್ಟಾದರೆ ದಾರ್ಢ್ಯವು ಸುಮಾರು ೨.೪ ಪಟ್ಟಾಗುತ್ತದೆ. ‘ಇದು ಅದಕ್ಕಿಂತ ಬಲವಾದದ್ದು’ ಎಂಬ ವಾಕ್ಯದಲ್ಲಿ ಇವೆರಡರಲ್ಲಿ ಯಾವುದು ವಿವಕ್ಷಿತವೋ ತಿಳಿಯದು.

ಮೂರನೆಯ ಗುಣವು ಈ ರೇಖೆಯಲ್ಲಿ ಕಾಣಿಸುವುದೇ ಇಲ್ಲ. ತಂತಿಯೊಂದನ್ನು ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ, ಒಮ್ಮೆ ಎಳೆದಾಗ ಮುರಿಯದ ಅದು ಹಲವು ಸಲದ ಅಲ್ಪಪ್ರಯತ್ನಕ್ಕೆ ಮುರಿಯುತ್ತದೆ. ಮೂಳೆಯ ಫಲಕಗಳು ಸಾಮಾನ್ಯವಾಗಿ ಮುರಿಯುವುದು ಹೀಗೆಯೇ. ಅದರಲ್ಲಿಯೂ ಮೂಳೆ ಮುರಿದ ಜಾಗಕ್ಕೆ ನೇರವಾಗಿ, ಮೊಳೆಯಿಲ್ಲದೆ ಬರಿದಾಗಿ ಬಿಟ್ಟ ತೂತಿನ ಅಂಚಿನಲ್ಲಿ. ಇದನ್ನು ತಿಳಿಯುವುದಕ್ಕೆ ಒಂದೇ ಮಿತವಾದ ಭಾರವನ್ನು ಮತ್ತೆ ಮತ್ತೆ ಹೇರಿ ಇಳಿಸುವ ಆವೃತ್ತಿಪರೀಕ್ಷೆಯಿದೆ. ಅದನ್ನು ಸಾಮಾನ್ಯವಾಗಿ ಹತ್ತು ಲಕ್ಷ ಸಲದವರೆಗೆ ನಡೆಸುತ್ತಾರೆ. ಪಶುವು ಆ ಕಾಲನ್ನು ದಿನಕ್ಕೆ ಐದು ಸಾವಿರ ಸಲ ಊರಿತೆಂದು ಇಟ್ಟುಕೊಂಡರೆ ಎರಡು ತಿಂಗಳಿಗೆ ಮೂರು ಲಕ್ಷ ಸಲವಾಗುತ್ತದೆ. ಈ ಗುಣಕ್ಕೆ ‘ಸಹಿಷ್ಣುತೆ’ಯೆಂದು ಹೆಸರಿಡಬಹುದು.

ದಾರ್ಢ್ಯ, ಶಕ್ತಿ, ಸಹಿಷ್ಣುತೆ—ಈ ಮೂರನ್ನು ಬೇರ್ಪಡಿಸಿ ಹೇಳುವವರೆಗೆ ‘ಬಲ’ವೆಂಬ ಮಾತು ಉಪ್ಪೋ ಕುದುರೆಯೋ ನಿರ್ಣಯವಾಗದ ಸೈಂಧವವೇ ಸರಿ.

೫

ಈಗ ಲಕ್ಷಣವಿಚಾರ. ‘ಅಧಿಕಭಾರವನ್ನು ಹೊರುವುದೇ ಉತ್ತಮಸಾಧನ’ ಎಂಬುದು ಈ ಲೇಖಗಳಲ್ಲಿ ಬಾಯಿಬಿಟ್ಟು ಹೇಳದಿದ್ದರೂ ಬಹಳ ಕಡೆ ಅಂತರ್ಗತವಾಗಿರುವ ಲಕ್ಷಣ. ಲಕ್ಷಣವು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಲ್ಲದೆ ಇರಬೇಕಷ್ಟೆ. ಈ ಲಕ್ಷಣದಲ್ಲಿ ಅವು ಹೇಗೆ ನಿಲ್ಲುತ್ತವೆಂಬುದನ್ನು ನೋಡಬೇಕು.

ಮೊದಲನೆಯದಾಗಿ ಅತಿವ್ಯಾಪ್ತಿ. ಉತ್ತಮವಲ್ಲದ್ದರಲ್ಲಿಯೂ ಈ ಲಕ್ಷಣವು ಹೋಗಿ ಸೇರುತ್ತದೆ. ಉಕ್ಕಿನ ಸ್ಥಿತಿಸ್ಥಾಪಕಾಂಕವು ಸುಮಾರು ೨೦೦ ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು ೧೧೦, ಮೂಳೆಯ ಗಟ್ಟಿಯಾದ ಹೊರಪದರದ್ದು ಸುಮಾರು ೨೦. ಅಳತೆ ಮೀರಿದ ಉಕ್ಕಿನ ಫಲಕವನ್ನು ತೆಳುವಾದ ಮೂಳೆಗೆ ಬಿಗಿದರೆ ಭಾರದ ಬಹುಭಾಗವನ್ನು ಫಲಕವೇ ಹೊರುತ್ತದೆ. ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ತನ್ನನ್ನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ವೈದ್ಯರು ೧೮೯೨ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದರು. ಕೆಲಸವಿಲ್ಲದ ಮೂಳೆ ಸವೆಯುತ್ತದೆ. ಮಡಿಲಲ್ಲಿ ಕೂರುವಷ್ಟು ಸಣ್ಣ ತಳಿಯ ನಾಯಿಗಳ ಮುಂಗಾಲಿನ ಮೂಳೆಯಲ್ಲಿ ಈ ಕ್ಷಯವು ಪಶುವೈದ್ಯರಿಗೆ ಚೆನ್ನಾಗಿ ಪರಿಚಿತವಾದದ್ದು. ಫಲಕವನ್ನು ತೆಗೆದಮೇಲೆ ಅದೇ ಕಾಲು ಮತ್ತೆ ಮುರಿಯುವುದೂ ಉಂಟು. ಇದಕ್ಕೆ ಭಾರದ ಅಭಾವವೇ ಕಾರಣವೆಂದು ಒಂದು ಪಕ್ಷ. ಫಲಕವು ಮೂಳೆಯನ್ನು ಅಮುಕಿ ರಕ್ತಸಂಚಾರವನ್ನು ತಗ್ಗಿಸುವುದು ಕಾರಣವೆಂದು ಮತ್ತೊಂದು ಪಕ್ಷ. ಎರಡನೆಯ ಪಕ್ಷವನ್ನು ಅನುಸರಿಸಿ, ಮೂಳೆಗೆ ತಾಗುವ ಮುಖವನ್ನು ಅಲ್ಲಲ್ಲಿ ತೋಡಿ ಸ್ಪರ್ಶವನ್ನು ಕಡಿಮೆ ಮಾಡಿದ ಫಲಕಗಳು ಹುಟ್ಟಿದವು. ಯಾವ ಪಕ್ಷವನ್ನು ಹಿಡಿದರೂ ಯಂತ್ರದ ಮೇಲೆ ಅತ್ಯಧಿಕ ಅಂಕವನ್ನು ಪಡೆದ ಫಲಕವು ಆ ನಾಯಿಗೆ ಉತ್ತಮವಲ್ಲವೆಂಬುದು ಸಿದ್ಧ.

ಎರಡನೆಯದು ಅವ್ಯಾಪ್ತಿ. ಉತ್ತಮವಾದದ್ದರಲ್ಲಿ ಈ ಲಕ್ಷಣವು ಇಲ್ಲದಿರುವುದೂ ಉಂಟು. ಎಳೆಗರುವಿನ ಮೊಳಕಾಲಿನ ಕೆಳಗಣ ಮೂಳೆ ಚರ್ಮ ಹರಿಯದಂತೆ ಮುರಿದಿದ್ದರೆ, ಹೊರಗಿನಿಂದ ಹಾಕಿದ ಗಾರೆಕಟ್ಟು ಅಥವಾ ಗಾಜಿನ ನಾರಿನ ಕಟ್ಟು ಎಷ್ಟೋ ಸಲ ಸಾಕಾಗುತ್ತದೆ. ಯಂತ್ರದ ಪಂಕ್ತಿಯಲ್ಲಿ ಆ ಕಟ್ಟಿಗೆ ಕಡೆಯ ಸ್ಥಾನವೂ ದೊರೆಯಲಾರದು. ಆದರೆ ಕರುವಿನ ಮೂಳೆಯು ಬೇಗ ಕೂಡುವಂತಹುದಾದ್ದರಿಂದ ಕಟ್ಟು ಹೊರಬೇಕಾದ ಕಾಲವೇ ಅಲ್ಪ. ಆ ಅಲ್ಪಕಾಲಕ್ಕೆ ಅದು ಸಮರ್ಥವಾಗಿದೆ.

ಮೂರನೆಯದು ಅಸಂಭವ. ಈ ಎರಡು ದೋಷಗಳಿಗೆ ಹೆದರಿ ‘ಎಂದಿಗೂ ಮುರಿಯದಿರುವುದೇ ಉತ್ತಮ’ ಎಂದು ಲಕ್ಷಣವನ್ನು ತಿದ್ದಿದರೆ, ಅದು ಲೋಕದಲ್ಲಿ ಯಾವ ಸಾಧನಕ್ಕೂ ಸಲ್ಲದು. ಮೂಳೆ ಕೂಡದೆಯೇ ಉಳಿದರೆ ಎಂತಹ ಲೋಹವೂ ಒಂದು ದಿನ ದಣಿದು ಮುರಿಯತಕ್ಕದ್ದೇ. ಮೂಳೆಯ ಸಂಧಾನಕ್ಕೂ ಲೋಹದ ಆಯಾಸಕ್ಕೂ ನಡೆಯುವ ಓಟದಲ್ಲಿ ಮೂಳೆಯು ಮೊದಲು ಗುರಿ ಮುಟ್ಟುವಂತೆ ಮಾಡುವುದಷ್ಟೇ ಸಾಧನದ ಕೆಲಸ. ಫಲಕವು ಅನಂತಕಾಲದ ಕಂಬವಲ್ಲ. ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆ.

೬

ಲಕ್ಷಣದೋಷವು ಹೀಗಿದ್ದರೂ ಪರೀಕ್ಷೆಯೇ ವ್ಯರ್ಥವೆಂದು ಹೇಳಲಾಗದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ‘ಯೋಗ್ಯಾ’ ಎಂಬ ಅಭ್ಯಾಸವಿಧಿಯಿದೆ. ಶಿಷ್ಯನು ಕುಂಬಳ, ಸೋರೆ, ಸೌತೆಗಳಲ್ಲಿ ಕೊಯ್ಯುವುದನ್ನೂ, ನೀರು ಕೆಸರು ತುಂಬಿದ ಚರ್ಮದ ಚೀಲಗಳಲ್ಲಿ ಭೇದಿಸುವುದನ್ನೂ, ಸತ್ತ ಪಶುಗಳ ಸಿರೆಗಳಲ್ಲಿಯೂ ನೈದಿಲೆಯ ನಾಳದಲ್ಲಿಯೂ ಚುಚ್ಚುವುದನ್ನೂ, ಬಟ್ಟೆಯ ಬೊಂಬೆಯ ಅಂಗಾಂಗಗಳಲ್ಲಿ ಕಟ್ಟುವುದನ್ನೂ ಕಲಿಯಬೇಕು. ಅದು ಕೈಯ ಪರೀಕ್ಷೆ. ಇದು ಸಾಧನದ ಪರೀಕ್ಷೆ. ಈ ಭೇದವಿದ್ದರೂ, ಜೀವವಿರುವಲ್ಲಿ ಪ್ರಯೋಗಿಸುವುದಕ್ಕೆ ಮುನ್ನ ಪ್ರತಿನಿಧಿವಸ್ತುವಿನಲ್ಲಿ ಪರೀಕ್ಷಿಸಬೇಕೆಂಬ ವಿವೇಕವು ಎರಡಕ್ಕೂ ಸಮಾನ. ಇಂದಿನ ಪರೀಕ್ಷಕರು ನಿಶ್ಚಿತಸಾಂದ್ರತೆಯ ಪಾಲಿಯುರಿಥೇನ್ ನೊರೆಯ ದಿಮ್ಮಿಗಳಲ್ಲಿ ತಿರುಪುಮೊಳೆಯನ್ನು ಕೂರಿಸಿ ಕಿತ್ತು ನೋಡುತ್ತಾರೆ. ಅದು ಸುಶ್ರುತನ ಸೋರೆಕಾಯಿಯ ಸ್ಥಾನದಲ್ಲಿ ನಿಂತ ವಸ್ತು.

ಪ್ರತಿನಿಧಿಯು ಪ್ರತಿನಿಧಿಯೆಂಬುದನ್ನು ಮರೆಯದಿರುವುದೇ ಪರೀಕ್ಷಕನ ಸತ್ಯನಿಷ್ಠೆ. ನೊರೆಯ ದಿಮ್ಮಿಗಳು ಒಂದರಂತೆ ಒಂದಿರುವುದರಿಂದ ಎರಡು ಸಾಧನಗಳ ತಾರತಮ್ಯವನ್ನು ತಿಳಿಯಲು ಅನುಕೂಲ. ಆದರೆ ಅವು ಮೂಳೆಯಲ್ಲ. ಸತ್ತ ಪ್ರಾಣಿಯ ಮೂಳೆಯು ಮೂಳೆಯೇ ಹೌದು. ಆದರೆ ಎರಡು ನಾಯಿಗಳ ಮೂಳೆ ಒಂದೇ ತೆರನಾಗಿರುವುದಿಲ್ಲ. ಆದುದರಿಂದ ಒಂದೇ ಪ್ರಾಣಿಯ ಬಲಗಾಲಿಗೆ ಒಂದು ಸಾಧನವನ್ನೂ ಎಡಗಾಲಿಗೆ ಮತ್ತೊಂದನ್ನೂ ಹಾಕಿ ಹೋಲಿಸುವ ಕ್ರಮವು ರೂಢಿಯಲ್ಲಿದೆ. ಮೂಳೆಯನ್ನು ಘನೀಭವಿಸಿಟ್ಟು, ಪರೀಕ್ಷೆಯ ಕಾಲದಲ್ಲಿ ಕರಗಿಸಿ, ಲವಣಜಲದಿಂದ ತೇವವಾಗಿಡುತ್ತಾರೆ. ಒಣಗಿದ ಮೂಳೆಯು ಬಿರುಸಾಗಿ ಬೇರೆಯ ಫಲವನ್ನು ಕೊಡುತ್ತದೆ. ಮುರಿದ ತುದಿಗಳ ನಡುವೆ ತೆರವನ್ನು ಬಿಟ್ಟು ಪರೀಕ್ಷಿಸಿದರೆ ಭಾರವೆಲ್ಲ ಲೋಹದ ಮೇಲೆಯೇ ಬೀಳುತ್ತದೆ. ತುದಿಗಳನ್ನು ಕೂಡಿಸಿ ಪರೀಕ್ಷಿಸಿದರೆ ಮೂಳೆಯೂ ಪಾಲನ್ನು ಹೊರುತ್ತದೆ. ಮೊದಲನೆಯದು ನುಚ್ಚುನೂರಾದ ಮೂಳೆಗೆ, ಎರಡನೆಯದು ಎರಡೇ ತುಂಡಾದ ಮೂಳೆಗೆ ದೃಷ್ಟಾಂತವಾದೀತು. ಒಂದರ ಅಂಕವನ್ನು ಇನ್ನೊಂದಕ್ಕೆ ಹಚ್ಚಿದರೆ ದೃಷ್ಟಾಂತಾಭಾಸವಾಗುತ್ತದೆ.

ಯೋಗ್ಯರಾದ ಲೇಖಕರು ಈ ಪರಿಮಿತಿಗಳನ್ನೆಲ್ಲ ತಮ್ಮ ಲೇಖದ ಕೊನೆಯಲ್ಲಿ ಒಪ್ಪಿಕೊಂಡೇ ಇರುತ್ತಾರೆ. ಮಾಂಸಖಂಡಗಳ ಎಳೆತವಿಲ್ಲ, ರಕ್ತವಿಲ್ಲ, ವಾಸಿಯಾಗುವ ಕ್ರಿಯೆಯಿಲ್ಲ, ಭಾರವನ್ನು ಒಂದೇ ದಿಕ್ಕಿನಿಂದ ಹೇರಲಾಗಿದೆ ಎಂಬ ಮಾತುಗಳಿರುವ ಆ ಒಂದು ಖಂಡಿಕೆಯೇ ಇಡೀ ಲೇಖದ ಪ್ರಕರಣ. ಆದರೆ ಉದ್ಧರಿಸುವವರು ಮೊದಲು ಕೈಬಿಡುವುದು ಅದನ್ನೇ. ಪೂರ್ವಪಕ್ಷದ ವಾಕ್ಯವನ್ನು ಕಿತ್ತು ಸಿದ್ಧಾಂತವೆಂದು ಉದಾಹರಿಸುವ ಪಂಡಿತಮ್ಮನ್ಯನಿಗೂ, ಪರಿಮಿತಿಯನ್ನು ಬಿಟ್ಟು ಅಂಕವನ್ನು ಮಾತ್ರ ಅಚ್ಚುಹಾಕಿಸುವ ವ್ಯಾಪಾರಿಯ ಪತ್ರಿಕೆಗೂ ಅಪರಾಧದಲ್ಲಿ ಭೇದವಿಲ್ಲ.

೭

ಯಂತ್ರದ ವಾಕ್ಯಕ್ಕೂ ಜೀವದ ಫಲಕ್ಕೂ ಇರುವ ಅಂತರಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವಿದೆ. ‘ಬಾರ್ಬರೊ’ ಎಂಬ ಅಮೆರಿಕದ ಪಂದ್ಯದ ಕುದುರೆಯು ೨೦೦೬ನೆಯ ಇಸವಿ ಮೇ ತಿಂಗಳ ೬ರಂದು ಕೆಂಟಕಿ ಡರ್ಬಿಯನ್ನು ಗೆದ್ದಿತು. ಅದೇ ತಿಂಗಳ ೨೦ರಂದು ಬಾಲ್ಟಿಮೋರಿನ ಪ್ರೀಕ್‌ನೆಸ್ ಪಂದ್ಯದ ಆರಂಭದಲ್ಲಿಯೇ ಅದರ ಬಲಗಡೆಯ ಹಿಂಗಾಲು ಹಲವು ತುಂಡುಗಳಾಗಿ ಮುರಿಯಿತು. ಮರುದಿನ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ನ್ಯೂ ಬೋಲ್ಟನ್ ಕೇಂದ್ರದಲ್ಲಿ ಡೀನ್ ರಿಚರ್ಡ್‌ಸನ್ ಎಂಬ ಶಸ್ತ್ರವೈದ್ಯರು ಫಲಕವನ್ನೂ ೨೭ ತಿರುಪುಮೊಳೆಗಳನ್ನೂ ಹಾಕಿ ಮೂಳೆಯನ್ನು ಕೂಡಿಸಿದರು. ಮೊಳೆಯ ತಲೆಯು ಫಲಕದಲ್ಲಿಯೇ ತಿರುಪಿನಿಂದ ಬಂಧಿತವಾಗುವಂತಹ ಫಲಕವದು. ಅರಿವಳಿಕೆಯಿಂದ ಎಚ್ಚರಗೊಳ್ಳುವ ಕುದುರೆಯು ಗಾಬರಿಯಿಂದ ಏಳಲು ಹೆಣಗುವಾಗ ಅದುವರೆಗೆ ಮಾಡಿದ್ದೆಲ್ಲವೂ ಒಂದೇ ಕ್ಷಣದಲ್ಲಿ ಮುರಿದುಹೋಗಬಹುದು. ಆದಕಾರಣ ಅದನ್ನು ತೆಪ್ಪದಲ್ಲಿ ತೂಗಿ ನೀರಿನ ಕೊಳದಲ್ಲಿ ಎಚ್ಚರಗೊಳಿಸಿದರು. ಕುದುರೆಯ ಸಾಧನಗಳನ್ನು ಒಂದೇ ಸಲದ ಮಹಾಭಾರಕ್ಕೂ, ಆವೃತ್ತಿಭಾರಕ್ಕೂ ಬೇರೆ ಬೇರೆಯಾಗಿ ಪರೀಕ್ಷಿಸುವುದರ ಅರ್ಥವು ಇಲ್ಲಿ ತಿಳಿಯುತ್ತದೆ: ಮೊದಲನೆಯದು ಏಳುವ ಕ್ಷಣಕ್ಕೆ, ಎರಡನೆಯದು ಅನಂತರದ ವಾರಗಳಿಗೆ.

ವಾರಗಳು ಕಳೆದವು, ಮುರಿದ ಕಾಲಿನ ಮೂಳೆಯು ಬಹುಮಟ್ಟಿಗೆ ಕೂಡುತ್ತ ಬಂದಿತು. ಆದರೆ ಆ ಕಾಲಿಗೆ ಬೀಳದ ಭಾರವು ಎಲ್ಲಿಗೆ ಹೋಗಬೇಕು? ಎದುರಿನ ಎಡಗಾಲಿಗೆ. ಜುಲೈ ತಿಂಗಳಲ್ಲಿ ಆ ಕಾಲಿನ ಗೊರಸಿನೊಳಗಣ ಪದರಗಳು ಉರಿಯೂತದಿಂದ ಬಿಟ್ಟುಕೊಂಡವು. ವೈದ್ಯರು ಗೊರಸಿನ ಗೋಡೆಯ ಬಹುಭಾಗವನ್ನು ತೆಗೆಯಬೇಕಾಯಿತು. ಈ ವ್ಯಾಧಿಯು ಕಡೆಗೆ ಮುಂಗಾಲುಗಳಿಗೂ ಹಬ್ಬಿ, ನಿಲ್ಲಲು ಒಂದು ಒಳ್ಳೆಯ ಕಾಲೂ ಇಲ್ಲದಂತಾಗಿ, ೨೦೦೭ನೆಯ ಇಸವಿ ಜನವರಿ ೨೯ರಂದು ಆ ಕುದುರೆಗೆ ನೋವಿಲ್ಲದ ಮರಣವನ್ನು ಕೊಡಲಾಯಿತು.

ಇದರಿಂದ ಫಲಕವು ಕೆಟ್ಟದ್ದೆಂದಾಗಲಿ, ಶಸ್ತ್ರವೈದ್ಯರು ತಪ್ಪಿದರೆಂದಾಗಲಿ ಸಿದ್ಧಿಸುವುದಿಲ್ಲ. ಸಿದ್ಧಿಸುವುದಿಷ್ಟೆ: ಯಂತ್ರದಲ್ಲಿ ಪರೀಕ್ಷಿಸುವುದು ಒಂದು ಮೂಳೆಯನ್ನು, ಬದುಕಬೇಕಾದದ್ದು ನಾಲ್ಕು ಕಾಲಿನ ಒಂದು ಪ್ರಾಣಿ. ಒಂದು ಪದವು ನಿರ್ದುಷ್ಟವಾಗಿದ್ದರೂ ವಾಕ್ಯವು ಕೆಡಬಹುದೆಂಬುದನ್ನು ಬಲ್ಲ ಕಾವ್ಯಮೀಮಾಂಸಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಸಾಧಿಸಿದನು. ಸ್ಥಾನ ತಪ್ಪಿದ ಆಭರಣವು ಎಷ್ಟು ಬೆಲೆಯದಾದರೂ ಹಾಸ್ಯಾಸ್ಪದವೆಂದನು. ಆಭರಣವು ಸ್ಥಾನ ತಪ್ಪಿದರೆ ನಗು ಬರುತ್ತದೆ; ಫಲಕವು ಔಚಿತ್ಯವನ್ನು ತಪ್ಪಿದರೆ ಪ್ರಾಣಿಯು ನರಳುತ್ತದೆ.

೮

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸಾಧನಗಳ ಗುಣದೋಷಗಳನ್ನು ನೋಡಿಕೊಳ್ಳಲು ರಾಜಶಾಸನವಿರುವಾಗ ಓದುಗನ ವಿವೇಕಕ್ಕೆ ಇಷ್ಟು ಭಾರವನ್ನು ಹೊರಿಸುವುದೇಕೆ?—ಎಂದು. ಇದಕ್ಕೆ ಸಮಾಧಾನವೇನೆಂದರೆ, ಶಾಸನವು ಎಲ್ಲೆಡೆಯೂ ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ ಮನುಷ್ಯರ ಮೂಳೆಯ ಸಾಧನಗಳಿಗಿರುವಂತೆ ಪಶುಗಳ ಸಾಧನಗಳಿಗೆ ಮಾರಾಟಕ್ಕೆ ಮುಂಚೆ ಸರ್ಕಾರದ ಅನುಮೋದನೆಯನ್ನು ಪಡೆಯಬೇಕೆಂಬ ನಿರ್ಬಂಧವಿಲ್ಲ. ಯೂರೋಪಿನ ಒಕ್ಕೂಟವು ೨೦೧೭ರಲ್ಲಿ ಮಾಡಿದ ಉಪಕರಣವಿಧಿಯೂ ಮನುಷ್ಯರನ್ನೇ ಉದ್ದೇಶಿಸಿದ್ದು. ಭಾರತದಲ್ಲಿ ೨೦೨೦ನೆಯ ಇಸವಿ ಫೆಬ್ರವರಿ ೧೧ರ ಪ್ರಕಟಣೆಯು ವೈದ್ಯೋಪಕರಣದ ಲಕ್ಷಣವನ್ನು ಹೇಳುವಾಗ ಮನುಷ್ಯರನ್ನೂ ಪಶುಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದೆ. ಆ ವಾಕ್ಯದಲ್ಲಿ ಪಶುವಿಗೂ ಒಂದು ಸ್ಥಾನ ದೊರೆತದ್ದು ಶ್ಲಾಘ್ಯವೇ. ಆದರೆ ಶಾಸನವು ಯಾವ ಸಾಧನವು ಮಾರಾಟಕ್ಕೆ ಯೋಗ್ಯವೆಂಬುದನ್ನು ಹೇಳೀತೇ ಹೊರತು, ಇಂದು ಮೇಜಿನ ಮೇಲೆ ಮಲಗಿರುವ ಈ ಪ್ರಾಣಿಗೆ ಯಾವುದು ಯೋಗ್ಯವೆಂಬುದನ್ನು ಹೇಳಲಾರದು. ಅದನ್ನು ಹೇಳಬೇಕಾದವನು ಲೇಖವನ್ನು ಸರಿಯಾಗಿ ಓದಿದ ವೈದ್ಯನೇ.

ಓದುವ ಕ್ರಮಕ್ಕೆ ಶಾಸ್ತ್ರಗ್ರಂಥಗಳ ಅನುಬಂಧಚತುಷ್ಟಯವೇ ಸಾಕು. ಮೊದಲನೆಯದು ಅಧಿಕಾರಿ: ಈ ಅಂಕವು ಯಾವ ಪ್ರಾಣಿಗೆ, ಎಷ್ಟು ತೂಕದ್ದಕ್ಕೆ, ಯಾವ ವಯಸ್ಸಿನದಕ್ಕೆ ಸಲ್ಲುತ್ತದೆ? ಎರಡನೆಯದು ವಿಷಯ: ಯಾವ ಮೂಳೆಯ ಯಾವ ಬಗೆಯ ಭಗ್ನ, ತೆರವಿದ್ದದ್ದೋ ತೆರವಿಲ್ಲದ್ದೋ? ಮೂರನೆಯದು ಸಂಬಂಧ: ಲೋಹಕ್ಕೂ ಮೂಳೆಗೂ ಭಾರವು ಹೇಗೆ ಹಂಚಿಹೋಗುತ್ತದೆ, ಪರೀಕ್ಷಿಸಿದ್ದು ದಾರ್ಢ್ಯವನ್ನೋ ಶಕ್ತಿಯನ್ನೋ ಸಹಿಷ್ಣುತೆಯನ್ನೋ? ನಾಲ್ಕನೆಯದು ಪ್ರಯೋಜನ, ಅದು ಭಾರವನ್ನು ಹೊರುವುದಲ್ಲ, ಮೂಳೆ ಕೂಡಿ ಪ್ರಾಣಿಯು ನಡೆಯುವುದು. ಈ ನಾಲ್ಕಕ್ಕೂ ಉತ್ತರವನ್ನು ಕೊಡುವ ಲೇಖವು ಅಂಕದಲ್ಲಿ ಚಿಕ್ಕದಾದರೂ ಪ್ರಮಾಣ; ಕೊಡದ ಲೇಖವು ಎಷ್ಟು ದೊಡ್ಡ ಅಂಕವನ್ನು ಹೇಳಿದರೂ ಅರ್ಥವಾದಮಾತ್ರ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಬರೆಯುವವರೂ ಕಲಿಸುವವರೂ ‘ಬಲ’ವೆಂಬ ಒಂದು ಮಾತಿಗೆ ಬದಲಾಗಿ ಈ ಮೂರು ಮಾತುಗಳನ್ನು ರೂಢಿಗೆ ತಂದರೆ ಭಾಷೆಗೆ ಆಗುವ ಲಾಭವು ಅಲ್ಪವೆಂದು ತೋರಬಹುದು. ಆದರೆ ಮುರಿದ ಕಾಲಿನ ಎತ್ತನ್ನೋ ನಾಯಿಯನ್ನೋ ತಂದ ಯಜಮಾನನು ‘ಇದು ಗಟ್ಟಿಯಾದದ್ದೇ?’ ಎಂದು ಕೇಳಿದಾಗ, ‘ಬಾಗದಷ್ಟು ಗಟ್ಟಿಯೋ, ಮುರಿಯದಷ್ಟು ಗಟ್ಟಿಯೋ, ಎರಡು ತಿಂಗಳು ಬಾಳುವಷ್ಟು ಗಟ್ಟಿಯೋ’ ಎಂದು ಬಿಡಿಸಿ ಹೇಳಬಲ್ಲ ವೈದ್ಯನಿಗೆ ಸಾಧನವನ್ನು ಆರಿಸುವುದರಲ್ಲಿಯೂ ಅದೇ ವಿವೇಕವಿರುತ್ತದೆ. ಸುಶ್ರುತನ ರೋಗಿಯು ಕಟ್ಟು ಬಿಗಿಯಾಯಿತೆಂದು ಬಾಯಿಬಿಟ್ಟು ಹೇಳಬಲ್ಲವನಾಗಿದ್ದನು. ಹಾಗೆ ಹೇಳಲಾರದ ಪ್ರಾಣಿಯ ಪರವಾಗಿ ಮಾತನಾಡುವುದಕ್ಕೆ ಪರೀಕ್ಷಾಲೇಖವೊಂದೇ ಇದೆ. ಆ ಮಾತು ಸಂದಿಗ್ಧವಾಗಿರಕೂಡದು.